ಕೆರೆಯ ಚಿತ್ರ ಸಾಲದು, ಮಟ್ಟ ಬೇಕು: ರಾಜ್ಯ ಜೌಗು ಪ್ರದೇಶ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಗೆ,
ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ರಾಜ್ಯ ಜೌಗು ಪ್ರದೇಶ ಪ್ರಾಧಿಕಾರ, ಬೆಂಗಳೂರು

ಪ್ರತಿ: ಎಲ್ಲ ಜಿಲ್ಲಾಧಿಕಾರಿಗಳಿಗೆ

ವಿಷಯ: ಕೆರೆ ಮತ್ತು ಜೌಗು ಪ್ರದೇಶಗಳ ಗಡಿ ಗುರುತಿಸಲು ಡ್ರೋನ್ ಸರ್ವೆ ಮಾಡಿಸುವಾಗ ಟೆಂಡರಿನಲ್ಲಿ ಸೇರಿಸಬೇಕಾದ ಷರತ್ತುಗಳು

ಮಾನ್ಯರೇ,

2.25 ಹೆಕ್ಟೇರಿಗಿಂತ ದೊಡ್ಡದಾದ ಎಲ್ಲ ಜೌಗು ಪ್ರದೇಶಗಳನ್ನು ಸ್ಥಳದಲ್ಲೇ ಪರಿಶೀಲಿಸಿ ಗಡಿ ಗುರುತಿಸುವ ಕೆಲಸವನ್ನು ಮೂರು ತಿಂಗಳಲ್ಲಿ ಮುಗಿಸಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 11ರಂದು ರಾಜ್ಯಗಳಿಗೆ ಹೇಳಿತು. ಇಸ್ರೊದ 2021ರ ಅಟ್ಲಾಸ್ ಪ್ರಕಾರ ದೇಶದಲ್ಲಿ ಅಂಥವು 2,31,195 ಇವೆ. ಗಡುವಿನ ಕೆಲಸ ಎಂದ ಕೂಡಲೇ ಡ್ರೋನ್ ನೆನಪಾಗುವುದು ಸಹಜ. ಸ್ವಾಮಿತ್ವ ಯೋಜನೆಯಲ್ಲಿ ಊರೊಳಗಿನ ಮನೆ, ಹಿತ್ತಿಲುಗಳನ್ನು ಡ್ರೋನ್ ಅಳೆದದ್ದನ್ನು ಕಂದಾಯ ಇಲಾಖೆ ಕಂಡಿದೆ. ಅದೇ ಯಂತ್ರವನ್ನು ಕೆರೆಯ ಮೇಲೂ ಹಾರಿಸಿದರಾಯಿತು ಎಂಬ ಲೆಕ್ಕಾಚಾರ ಕಚೇರಿಗಳಲ್ಲಿದೆ. ಊರೊಳಗೆ ಗಡಿ ಎಂದರೆ ಗೋಡೆ ಅಥವಾ ಬೇಲಿ, ಅದು ಚಿತ್ರದಲ್ಲಿ ಬೀಳುತ್ತದೆ. ಕೆರೆಯ ಗಡಿ ಚಿತ್ರದಲ್ಲಿ ಬೀಳುವುದಿಲ್ಲ. ಈ ಪತ್ರ ಬರೆಯಲು ಕಾರಣ ಇಷ್ಟೇ.

ಜೌಗು ಪ್ರದೇಶ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು 2017, ಅದರ 4ನೇ ನಿಯಮ ಏನು ಹೇಳುತ್ತದೆ ನೋಡಿ. ಹತ್ತು ವರ್ಷಗಳಲ್ಲಿ ಕಂಡ ಗರಿಷ್ಠ ನೆರೆ ಮಟ್ಟದ ಸರಾಸರಿಯಿಂದ 50 ಮೀಟರ್ ಒಳಗೆ, ದೋಣಿ ಕಟ್ಟೆ ಬಿಟ್ಟು ಬೇರೆ ಯಾವ ಶಾಶ್ವತ ಕಟ್ಟಡವನ್ನೂ ಕಟ್ಟುವಂತಿಲ್ಲ. ಆ 50 ಮೀಟರನ್ನು ಅಳೆಯಬೇಕಾದದ್ದು ಒಂದು ಮಟ್ಟದಿಂದ. ಅಂದರೆ ಗುತ್ತಿಗೆದಾರರಿಂದ ತಾವು ಕೊಳ್ಳಬೇಕಾದ ಸರಕು ನೆಲದ ಎತ್ತರದ ಲೆಕ್ಕ. ಬಣ್ಣದ ಚಿತ್ರ ಅದರ ಜೊತೆಗೆ ಹೇಗೂ ಬರುತ್ತದೆ. 'ಡ್ರೋನ್ ಸರ್ವೆ ಮಾಡಿ ನಕ್ಷೆ ಸಲ್ಲಿಸುವುದು' ಎಂಬ ಒಂದೇ ಸಾಲಿನ ಷರತ್ತು ಬರೆದರೆ ಕೈಗೆ ಸಿಗುವುದು ಆ ಬಣ್ಣದ ಚಿತ್ರ ಮಾತ್ರ. ಅದರ ಮೇಲೆ ಯಾರೋ ಕಚೇರಿಯಲ್ಲಿ ಕೂತು, ಅಂದು ನೀರು ಎಲ್ಲಿತ್ತೋ ಅಲ್ಲಿ ನೀಲಿ ಗೆರೆ ಎಳೆಯುತ್ತಾರೆ. ಮಾರ್ಚ್‌ನಲ್ಲಿ ಹಾರಿಸಿದ್ದರೆ ಆ ಗೆರೆ ಅರ್ಧ ಕೆರೆಯನ್ನು ಹೊರಗೆ ಬಿಟ್ಟಿರುತ್ತದೆ.

ಎತ್ತರದ ಸಣ್ಣ ತಪ್ಪು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಏರಿಯ ಕಡೆ ದಡ ಕಡಿದು, ಅಲ್ಲಿ 10 ಸೆಂಟಿಮೀಟರ್ ಆಚೀಚೆ ಆದರೂ ನೀರಿನಂಚು ಒಂದು ಗೇಣೂ ಸರಿಯುವುದಿಲ್ಲ. ಹಿನ್ನೀರಿನ ಕಡೆ ಹಾಗಲ್ಲ. ಬಯಲುಸೀಮೆಯ ಕೆರೆಯ ಅಂಗಳ 200 ಮೀಟರಿಗೆ 1 ಮೀಟರ್ ಇಳಿಜಾರಿದ್ದರೆ, ಎತ್ತರದಲ್ಲಿ 10 ಸೆಂಟಿಮೀಟರ್ ತಪ್ಪಿದಾಗ ಗಡಿ ಗೆರೆ 20 ಮೀಟರ್ ಸರಿಯುತ್ತದೆ. ಎರೆಭೂಮಿಯ ಚಪ್ಪಟೆ ಕೆರೆಗಳಲ್ಲಿ 500ಕ್ಕೆ 1 ಇಳಿಜಾರಿದ್ದರೆ ಸರಿಯುವುದು 50 ಮೀಟರ್. ನಿಯಮ ಕೊಟ್ಟ ರಕ್ಷಣೆಯೆಲ್ಲ ಅಷ್ಟರಲ್ಲೇ ಮುಗಿಯಿತು. ಒತ್ತುವರಿ ಆಗುವುದೂ ಈ ಕಡೆಯೇ. ಬಫರ್ (ಕೆರೆಯ ಸುತ್ತ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ) 30 ಮೀಟರೋ 75 ಮೀಟರೋ ಎಂಬ ಬೆಂಗಳೂರಿನ ವಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2019ರಲ್ಲಿ ತೀರ್ಪು ಕಂಡಿತು. ಎಷ್ಟು ಮೀಟರ್ ಎಂಬುದಕ್ಕೆ ಅಷ್ಟು ವಾದ ನಡೆಯುವ ನಾಡಿನಲ್ಲಿ ಎಲ್ಲಿಂದ ಮೀಟರ್ ಎಂಬುದನ್ನು ಯಾರೂ ಕೇಳದಿರುವುದು ಸೋಜಿಗ.

ಇನ್ನೊಂದು ತೊಡಕು ನಿಯಮದ ಮಾತಿನೊಳಗೇ ಇದೆ. ಹತ್ತು ವರ್ಷ ಎಂದರೆ ನಿಯಮ ಜಾರಿಗೆ ಬಂದ 2017ರ ಸೆಪ್ಟೆಂಬರ್‌ನಿಂದ ಹಿಂದಕ್ಕೆ, 2007ರವರೆಗೆ. ಈ ವರ್ಷ ಹಾರಿಸಿದ ಡ್ರೋನ್ 2009ರ ಅಕ್ಟೋಬರ್ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹೇಳಲಾರದು. ಅದಕ್ಕೆ ಹಳೆಯ ಉಪಗ್ರಹ ಚಿತ್ರಗಳೇ ಗತಿ. ಲ್ಯಾಂಡ್‌ಸ್ಯಾಟ್ 5ರ ಚಿತ್ರಗಳು 2011ರ ನವೆಂಬರ್‌ವರೆಗೆ ಸಿಗುತ್ತವೆ, ಲ್ಯಾಂಡ್‌ಸ್ಯಾಟ್ 8ರವು 2013ರಿಂದ. ನಡುವಿನ 2012ಕ್ಕೆ ಲ್ಯಾಂಡ್‌ಸ್ಯಾಟ್ 7 ಒಂದೇ ಇದೆ. ಅದರ ಚಿತ್ರಗಳಲ್ಲಿ 2003ರಿಂದಲೇ ಖಾಲಿ ಪಟ್ಟೆಗಳು ಬಿದ್ದಿವೆ, ಹಾಗಾಗಿ ಆ ವರ್ಷಕ್ಕೆ ಇಸ್ರೊದ ರಿಸೋರ್ಸ್‌ಸ್ಯಾಟ್ ಚಿತ್ರಗಳನ್ನು ತರಿಸಬೇಕು. 2014ರ ನಂತರ ಸೆಂಟಿನೆಲ್-1 ರೇಡಾರ್ ಮೋಡದ ಕೆಳಗೂ ನೀರನ್ನು ತೋರಿಸುತ್ತದೆ. ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕೆ ಎಂದರೆ 30 ಮೀಟರ್, ಇಷ್ಟು ಒರಟು ಚಿತ್ರದಿಂದ ಏನಾದೀತು ಎನ್ನಬಹುದು. 500ಕ್ಕೆ 1 ಇಳಿಜಾರಿನಲ್ಲಿ 30 ಮೀಟರ್ ಅಡ್ಡ ಅಂತರ ಎಂದರೆ ಎತ್ತರದಲ್ಲಿ ಬರೀ 6 ಸೆಂಟಿಮೀಟರ್. ಚಪ್ಪಟೆ ದಡದಲ್ಲಿ ಒರಟು ಚಿತ್ರವೂ ಮಟ್ಟವನ್ನು ನವಿರಾಗಿ ಹೇಳುತ್ತದೆ, ಆದರೆ ಆ ದಡದ ನೆಲದ ಎತ್ತರ ನಿಖರವಾಗಿ ಗೊತ್ತಿರಬೇಕು. ಡ್ರೋನ್‌ನ ನಿಜವಾದ ಉಪಯೋಗ ಇಲ್ಲಿದೆ. ಪ್ರತಿ ವರ್ಷದ ಗರಿಷ್ಠ ನೀರಿನಂಚನ್ನು ಉಪಗ್ರಹದಿಂದ ತೆಗೆದು, ಡ್ರೋನ್ ಕೊಟ್ಟ ನೆಲದ ಮಾದರಿಯ ಮೇಲಿಟ್ಟು ಮಟ್ಟ ಓದಬೇಕು. ಹಾಗೆ ಬಂದ ಹತ್ತು ಮಟ್ಟಗಳ ಸರಾಸರಿ ತೆಗೆದು, ಆ ಮಟ್ಟದ ಗೆರೆಯನ್ನು ಮತ್ತೆ ನೆಲದ ಮೇಲೆ ಎಳೆಯಬೇಕು. ಇದರ ಜೊತೆಗೆ ನೀರಗಂಟಿಯನ್ನೂ ಮೀನುಗಾರರ ಸಂಘದವರನ್ನೂ ಕರೆದುಕೊಂಡು ಹೋಗಿ, ನೀರು ಬಂದಿದ್ದ ಜಾಗಗಳನ್ನು ಅವರಿಂದ ತೋರಿಸಿಕೊಂಡು ರೋವರ್ (ಉಪಗ್ರಹ ಸಂಕೇತದಿಂದ ಜಾಗ, ಎತ್ತರ ಅಳೆಯುವ, ಕೋಲಿಗೆ ಕಟ್ಟಿದ ಯಂತ್ರ) ಇಟ್ಟು ಅಳೆಯಿರಿ. ಎರಡೂ ಲೆಕ್ಕ ತಾಳೆಯಾದರೆ ಕೋರ್ಟಿನಲ್ಲಿ ನಿಲ್ಲುವ ಗಡಿ ಸಿಗುತ್ತದೆ.

ಸರಾಸರಿ ತೆಗೆಯುವಾಗ ಒಂದು ಎಚ್ಚರ ಬೇಕು. ಬರಗಾಲದ ವರ್ಷಗಳು ಸೇರಿದರೆ ಸರಾಸರಿ ಮಟ್ಟ ಕೋಡಿಗಿಂತ ಕೆಳಗೆ ಇಳಿಯಬಹುದು. ಕೋಡಿ ಮಟ್ಟಕ್ಕಿಂತ ಕೆಳಗಿನ ಯಾವ ಗೆರೆಯನ್ನೂ ಕೆರೆಯ ಗಡಿ ಎಂದು ಪ್ರಾಧಿಕಾರ ಒಪ್ಪಬಾರದು ಎಂಬುದು ನಮ್ಮ ಅಭಿಪ್ರಾಯ; ಕೆರೆ ಕೋಡಿ ಬಿದ್ದ ವರ್ಷ ನೀರು ಅಲ್ಲಿಗೆ ಬಂದೇ ಬರುತ್ತದೆ. ಹಿನ್ನೀರಿನ ಜಮೀನು ಮುಳುಗದಿರಲೆಂದು ಕೋಡಿಯನ್ನೇ ಒಡೆದು ತಗ್ಗಿಸಿರುವ ಕೆರೆಗಳಿವೆ. ಆದ್ದರಿಂದ ಈಗಿನ ಕೋಡಿಯ ಮಟ್ಟವನ್ನು ಸಣ್ಣ ನೀರಾವರಿ ಇಲಾಖೆಯ ಹಳೆಯ ದಾಖಲೆಯ ಜೊತೆ ಹೋಲಿಸದೆ ಸರ್ವೆ ಶುರು ಮಾಡಬಾರದು. 2017ರ ನಿಯಮಗಳು ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಜೌಗು ಪ್ರದೇಶದ ವ್ಯಾಖ್ಯೆಯಿಂದ ಹೊರಗಿಟ್ಟಿವೆ ಎಂಬುದೂ ನಮಗೆ ಗೊತ್ತು. ಅಂಥ ಕೆರೆಗಳಿಗೆ ರಾಜ್ಯದ ಕೆರೆ ಸಂರಕ್ಷಣೆ ಕಾಯ್ದೆ ಇದೆ. ಕಾಯ್ದೆ ಯಾವುದಾದರೂ ಅಳತೆಯ ವಿಧಾನ ಇದೇ.

ಎತ್ತರವನ್ನು ಯಾವುದರಿಂದ ಅಳೆಯುವುದು? ಡ್ರೋನ್ ಮತ್ತು ರೋವರ್‌ಗಳು ಉಪಗ್ರಹ ಸಂಕೇತದಿಂದ ಲೆಕ್ಕ ಹಾಕುವ ಎತ್ತರ, ಸಮುದ್ರ ಮಟ್ಟದಿಂದ ಅಳೆದ ಎತ್ತರವಲ್ಲ. ದಕ್ಷಿಣ ಕರ್ನಾಟಕದಲ್ಲಿ ಇವೆರಡರ ನಡುವೆ 80 ಮೀಟರಿಗೂ ಹೆಚ್ಚು ವ್ಯತ್ಯಾಸವಿದೆ. ಒಂದು ವರದಿ ಈ ಲೆಕ್ಕದಲ್ಲಿ, ಇನ್ನೊಂದು ಆ ಲೆಕ್ಕದಲ್ಲಿ ಬಂದರೆ ಕಣ್ಣಿಗೆ ಹೊಡೆಯುವಷ್ಟು ದೊಡ್ಡ ತಪ್ಪು, ಕೂಡಲೇ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದಿರುವುದು ಒಂದು ಲೆಕ್ಕವನ್ನು ಇನ್ನೊಂದಕ್ಕೆ ಬದಲಿಸಲು ಬೇರೆ ಬೇರೆ ಜಿಯಾಯ್ಡ್ (ಸಮುದ್ರ ಮಟ್ಟದ) ಮಾದರಿ ಬಳಸಿದಾಗ ನುಸುಳುವ ಸಣ್ಣ ವ್ಯತ್ಯಾಸ. ಇದಕ್ಕೆ ಸುಲಭದ ಮದ್ದು ಕೋಡಿಯೇ. ಕೋಡಿಯ ಕಲ್ಲಿನ ಮೇಲೊಂದು ಹಿತ್ತಾಳೆ ಬೋಲ್ಟ್ ಕೂರಿಸಿ, ಅದನ್ನು ಆ ಕೆರೆಯ ಬೆಂಚ್‌ಮಾರ್ಕ್ ಎಂದು ಘೋಷಿಸಿ. ಎಲ್ಲ ಮಟ್ಟಗಳನ್ನೂ ಸಮುದ್ರ ಮಟ್ಟದ ಜೊತೆಗೆ 'ಕೋಡಿಯಿಂದ ಇಷ್ಟು ಮೇಲೆ, ಇಷ್ಟು ಕೆಳಗೆ' ಎಂದೂ ಬರೆಸಿ. ಊರಿನವರಿಗೂ ಅರ್ಥವಾಗುವ ಲೆಕ್ಕ ಅದು. ತೂಬಿನ ಬಳಿ ಸೆಂಟಿಮೀಟರ್ ಗುರುತಿನ ಗೇಜು ನೆಟ್ಟು ದಿನವೂ ಓದಿ ಬರೆದಿಡುವ ಏರ್ಪಾಟು ಮಾಡಿ. ಒಂದು ಹಾರಾಟಕ್ಕೆ ಬೀಳುವ ಖರ್ಚಿನ ಮುಂದೆ ಗೇಜಿನದು ಏನೇನೂ ಅಲ್ಲ, ಮುಂದಿನ ಹತ್ತು ವರ್ಷದ ವಾದಕ್ಕೆ ಸಾಕ್ಷಿಯಾಗುವುದು ಅದೇ.

ಇನ್ನು ಹಾರಾಟ. ವಿಜಯನಗರ ಜಿಲ್ಲೆಯ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು 98.76 ಹೆಕ್ಟೇರ್, ಲೆಕ್ಕದ ಸಲೀಸಿಗೆ ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲ ಎಂದಿಟ್ಟುಕೊಳ್ಳೋಣ. ಸರ್ವೆ ಡ್ರೋನ್‌ಗಳಲ್ಲಿ ಸಾಮಾನ್ಯವಾಗಿರುವ ಒಂದು ಇಂಚಿನ ಸೆನ್ಸರ್, 8.8 ಮಿಲಿಮೀಟರ್ ಲೆನ್ಸ್, ಅಡ್ಡಕ್ಕೆ 5,472 ಪಿಕ್ಸೆಲ್ ಇರುವ ಕ್ಯಾಮೆರಾ 100 ಮೀಟರ್ ಎತ್ತರದಿಂದ ತೆಗೆದ ಒಂದು ಫೋಟೊ ನೆಲದ ಮೇಲೆ 150×100 ಮೀಟರ್ ಜಾಗವನ್ನು ಹಿಡಿಯುತ್ತದೆ. ಒಂದು ಪಿಕ್ಸೆಲ್ ಎಂದರೆ 2.7 ಸೆಂಟಿಮೀಟರ್. ಮುಂದಕ್ಕೆ ಶೇ 80, ಪಕ್ಕಕ್ಕೆ ಶೇ 70 ಒಂದರ ಮೇಲೊಂದು ಬರುವಂತೆ ತೆಗೆದರೆ 20 ಮೀಟರಿಗೊಂದು ಫೋಟೊ, 45 ಮೀಟರಿಗೊಂದು ಸಾಲು. ಒಟ್ಟು 23 ಸಾಲು, ಸುಮಾರು 1,170 ಫೋಟೊ, ತಿರುವುಗಳೂ ಸೇರಿ 24 ಕಿಲೋಮೀಟರ್. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಇದು 50 ನಿಮಿಷದ ಹಾರಾಟ, ಅಂದರೆ ಸುರಕ್ಷಿತವಾಗಿ 20 ನಿಮಿಷ ಹಾರುವ ಬ್ಯಾಟರಿ ಮೂರು ಬೇಕು. ಶಟರ್ ಸೆಕೆಂಡಿನ 1/1000ಕ್ಕಿಂತ ನಿಧಾನ ಇರಕೂಡದು. 1/200 ಇಟ್ಟರೆ ಫೋಟೊ ತೆಗೆಯುವಷ್ಟರಲ್ಲಿ ಡ್ರೋನ್ 4 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಚಿತ್ರ ಒಂದೂವರೆ ಪಿಕ್ಸೆಲ್ ಮಸುಕಾಗುತ್ತದೆ. 'ಅರ್ಧ ಗಂಟೆಯಲ್ಲಿ, 300 ಫೋಟೊದಲ್ಲಿ ಮುಗಿಸಿದೆವು' ಎಂದು ಯಾರಾದರೂ ಇಷ್ಟು ದೊಡ್ಡ ಕೆರೆಗೆ ಬಿಲ್ ತಂದರೆ ಅವರ ಎತ್ತರದ ಲೆಕ್ಕವನ್ನು ನಂಬಬೇಡಿ.

ನೀರು ಈ ವಿಧಾನದ ಪರಮಶತ್ರು. ಎರಡು ಫೋಟೊಗಳಲ್ಲಿ ಒಂದೇ ಕಲ್ಲು, ಒಂದೇ ಬದು ಕಂಡಾಗ ಸಾಫ್ಟ್‌ವೇರ್ ಅವನ್ನು ಜೋಡಿಸಿ ಎತ್ತರ ಲೆಕ್ಕ ಹಾಕುತ್ತದೆ. ನೀರಿನ ಮೇಲೆ ಅಲೆ ಮತ್ತು ಹೊಳಪು ಬಿಟ್ಟರೆ ಏನಿದೆ? ಅವು ಫೋಟೊದಿಂದ ಫೋಟೊಗೆ ಬದಲಾಗುತ್ತವೆ. ಫೋಟೊಗಳು ಜೋಡಣೆಯಾಗದೆ ಬಿದ್ದುಹೋಗುತ್ತವೆ, ಇಲ್ಲವೇ ತಪ್ಪಾಗಿ ಜೋಡಣೆಯಾಗಿ ಕೆರೆಯ ನಡುವೆ ಇಲ್ಲದ ಗುಡ್ಡ ಏಳುತ್ತದೆ. ಆದ್ದರಿಂದ ಹಾರಾಟದ ಪ್ರತಿ ಸಾಲೂ ಒಂದು ದಡದಲ್ಲಿ ಶುರುವಾಗಿ ಇನ್ನೊಂದು ದಡದಲ್ಲಿ ಮುಗಿಯಬೇಕು. ಪ್ರತಿ ಫೋಟೊದ ಸ್ಥಾನವೂ ಆರ್‌ಟಿಕೆ ಅಥವಾ ಪಿಪಿಕೆ ವಿಧಾನದಲ್ಲಿ (ನೆಲದ ಮೇಲಿನ ಬೇಸ್ ಸ್ಟೇಷನ್ನಿನ ನೆರವಿನಿಂದ ಹಾರುವಾಗಲೇ ಅಥವಾ ಆಮೇಲೆ ಸ್ಥಾನವನ್ನು ತಿದ್ದುವುದು) ಸೆಂಟಿಮೀಟರ್ ಮಟ್ಟಕ್ಕೆ ದಾಖಲಾಗಬೇಕು. ಕೊನೆಗೆ ನೀರಿರುವ ಭಾಗವನ್ನು ಮಾದರಿಯಿಂದ ಕತ್ತರಿಸಿ, ಅಂದು ಗೇಜಿನಲ್ಲಿ ಓದಿದ ಮಟ್ಟವನ್ನು ಅಲ್ಲಿಗೆ ಕೂರಿಸಬೇಕು.

ಹೊತ್ತು ಕೂಡ ಮುಖ್ಯ. ಮೇಲೆ ಹೇಳಿದ ಕ್ಯಾಮೆರಾ ಫೋಟೊದ ಮೂಲೆಗೆ ಸುಮಾರು 42 ಡಿಗ್ರಿವರೆಗೆ ಓರೆಯಾಗಿ ನೋಡುತ್ತದೆ. ಸೂರ್ಯ ದಿಗಂತದಿಂದ 48 ಡಿಗ್ರಿಗಿಂತ ಮೇಲೇರಿದರೆ ಅದರ ಪ್ರತಿಬಿಂಬ ಫೋಟೊದೊಳಗೇ ಬೀಳಬಹುದು. ಗಾಳಿ ಬೀಸಿದರೆ ಆ ಹೊಳಪು ಇನ್ನೂ ಹರಡುತ್ತದೆ. 25ರಿಂದ 45 ಡಿಗ್ರಿ ನಡುವೆ ಹಾರಿಸುವುದು ಕ್ಷೇಮ. ಬೆಂಗಳೂರಿನ ಅಕ್ಷಾಂಶದಲ್ಲಿ ಮಾರ್ಚ್ ಕೊನೆಗೆ ಬೆಳಿಗ್ಗೆ ಅದು ಸುಮಾರು 8.10ರಿಂದ 9.30, ಡಿಸೆಂಬರ್ ಕೊನೆಗೆ 8.40ರಿಂದ 10.30. ಭೂಮಾಪನದ ಹಳೆಯ ಪಾಠ 'ನೆರಳಿಲ್ಲದ ನಡುಮಧ್ಯಾಹ್ನ ಹಾರಿಸಿ' ಎನ್ನುತ್ತದೆ. ಹೊಲಕ್ಕೆ ಅದು ಸರಿ. ಕೆರೆಗೆ ಅದೇ ಅತಿ ಕೆಟ್ಟ ಹೊತ್ತು.

ನೆಲದ ಗುರುತುಗಳ ವಿಷಯದಲ್ಲಿ ಜಿಪುಣತನ ಬೇಡ. 100 ಹೆಕ್ಟೇರಿಗೆ 60 ಸೆಂಟಿಮೀಟರ್ ಚೌಕದ ಕಪ್ಪು-ಬಿಳಿ ಹಲಗೆಗಳು 12, ಅವುಗಳಿಂದ ಪ್ರತ್ಯೇಕವಾಗಿ ಪರೀಕ್ಷೆಗೆಂದೇ ಇಟ್ಟ ಗುರುತುಗಳು 8 ಇರಲಿ. ಪರೀಕ್ಷೆಯ ಗುರುತುಗಳನ್ನು ಲೆಕ್ಕಕ್ಕೆ ಬಳಸುವಂತಿಲ್ಲ. ಲೆಕ್ಕ ಮುಗಿದ ಮೇಲೆ ಅಲ್ಲಿ ಮಾದರಿ ಎಷ್ಟು ತಪ್ಪಿದೆ ಎಂದು ನೋಡಲು ಮಾತ್ರ ಅವು. ಹೂಳಿನ ಮೇಲೆ ಹಲಗೆ ಇಟ್ಟರೆ ರೋವರ್ ಕೋಲಿನ ಭಾರಕ್ಕೇ ಅದು ಕುಸಿಯುತ್ತದೆ. ಗೂಟ ಹೊಡೆದು ಅದರ ಮೇಲೆ ಹಲಗೆ ಕೂರಿಸಬೇಕು. ದೊಡ್ಡ ತೊಂದರೆ ಇರುವುದು ನಡುಭಾಗದಲ್ಲಿ. ಕೆರೆಯ ನಡುವೆ ಗುರುತು ಇಡಲು ನೆಲವೇ ಇಲ್ಲ. ದಡದ ಸುತ್ತ ಮಾತ್ರ ಗುರುತಿದ್ದು, ಫೋಟೊಗಳೆಲ್ಲ ನೆಟ್ಟಗೆ ಕೆಳಮುಖವಾಗಿದ್ದರೆ ಲೆನ್ಸ್‌ನ ಸಣ್ಣ ದೋಷ ಒಟ್ಟುಗೂಡಿ ಇಡೀ ಮಾದರಿ ಬೋರಲು ಹಾಕಿದ ಬಾಣಲೆಯಂತೆ ನಡುವೆ ಉಬ್ಬುತ್ತದೆ ಅಥವಾ ತಗ್ಗುತ್ತದೆ. ವರದಿಯ ಸರಾಸರಿ ದೋಷದಲ್ಲಿ ಇದು ಕಾಣುವುದೇ ಇಲ್ಲ, ಏಕೆಂದರೆ ದೋಷ ಅಳೆದ ಗುರುತುಗಳೆಲ್ಲ ದಡದಲ್ಲೇ ಇವೆ. ಇದಕ್ಕೆ ಪರಿಹಾರ ಎರಡು: ಮುಖ್ಯ ಸಾಲುಗಳಿಗೆ ಅಡ್ಡಲಾಗಿ ಮೂರ್ನಾಲ್ಕು ಸಾಲು ಹಾರಿಸುವುದು, ಕ್ಯಾಮೆರಾವನ್ನು ಸುಮಾರು 20 ಡಿಗ್ರಿ ಓರೆ ಮಾಡಿ ಇನ್ನೊಂದಿಷ್ಟು ಫೋಟೊ ತೆಗೆಯುವುದು.

ಈ ಉಬ್ಬನ್ನು ಹಿಡಿಯಲು ಪುಕ್ಕಟೆ ಉಪಾಯ ಒಂದಿದೆ, ಅದನ್ನು ಟೆಂಡರಿನಲ್ಲಿ ಕಡ್ಡಾಯ ಮಾಡಿ. ಗಾಳಿಯಿಲ್ಲದ ಬೆಳಗಿನಲ್ಲಿ ನಿಂತ ನೀರಿನ ಅಂಚು ಎಲ್ಲ ಕಡೆಯೂ ಒಂದೇ ಮಟ್ಟದಲ್ಲಿರುತ್ತದೆ. ಕೆರೆಯ ಸುತ್ತ 12ರಿಂದ 15 ಕಡೆ ನೀರಿನಂಚಿಗೆ ಗೂಟ ನೆಟ್ಟು, ಒಂದೇ ಗಂಟೆಯೊಳಗೆ ರೋವರ್‌ನಿಂದ ಅಳೆಯಿರಿ. ಅಷ್ಟೂ ಜಾಗಗಳಲ್ಲಿ ಡ್ರೋನ್ ಮಾದರಿ ಯಾವ ಎತ್ತರ ತೋರಿಸುತ್ತದೆ ಎಂದು ಓದಿ. ಎಲ್ಲವೂ 5 ಸೆಂಟಿಮೀಟರಿನೊಳಗೆ ಹೊಂದಿದರೆ ಮಾದರಿ ಸರಿ. ಪೂರ್ವದ ದಡ ಪಶ್ಚಿಮದ ದಡಕ್ಕಿಂತ 20 ಸೆಂಟಿಮೀಟರ್ ಎತ್ತರ ಬಂದರೆ ಗುತ್ತಿಗೆದಾರರು ಕೊಟ್ಟ ಕೆರೆಯಲ್ಲಿ ನೀರು ಓರೆಯಾಗಿ ನಿಂತಿದೆ ಎಂದಾಯಿತು. ಈ ಪರೀಕ್ಷೆಗೆ ಎಂಜಿನಿಯರೇ ಬೇಕೆಂದಿಲ್ಲ, ತಾಲ್ಲೂಕಿನ ಸರ್ವೆಯರ್ ಒಬ್ಬರು ಒಂದು ಬೆಳಿಗ್ಗೆ ಮಾಡಬಹುದು.

ಇಷ್ಟೆಲ್ಲ ಮಾಡಿದರೂ ಡ್ರೋನ್ ಕಾಣುವುದು ಮೇಲ್ಮೈಯನ್ನು ಮಾತ್ರ. ಆನೆಜೊಂಡು ಎರಡರಿಂದ ಮೂರು ಮೀಟರ್ ಬೆಳೆಯುತ್ತದೆ. ಫೋಟೊದ ಲೆಕ್ಕದಲ್ಲಿ ಅದರ ತುದಿಯೇ ನೆಲ. ಜೊಂಡು ತುಂಬಿದ ಹಿನ್ನೀರಿನ ಭಾಗ ಕೋಡಿಗಿಂತ ಎರಡು ಮೀಟರ್ ಎತ್ತರದ ಒಣಭೂಮಿ ಎಂದು ನಕ್ಷೆಯಲ್ಲಿ ಬಂದುಬಿಡುತ್ತದೆ. ಅಂಥ ನಕ್ಷೆ ಒತ್ತುವರಿದಾರರ ವಕೀಲರ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ತಮಗೆ ಬಿಡಿಸಿ ಹೇಳಬೇಕಿಲ್ಲ. ಲೈಡಾರ್ (ಲೇಸರ್ ಕಿರಣದಿಂದ ದೂರ ಅಳೆಯುವ ಯಂತ್ರ) ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನೂ ಹಾಗೇ ನುಂಗಬೇಡಿ. ಮರಗಳ ಕೆಳಗೆ ಅದು ನೆಲ ಮುಟ್ಟುತ್ತದೆ ನಿಜ. ದಟ್ಟ ಜೊಂಡಿನಲ್ಲಿ ಲೇಸರ್ ಕಿರಣ ಬುಡ ತಲುಪುವ ಮೊದಲೇ ಎಲೆಗೆ ಬಡಿದು ವಾಪಸಾಗುತ್ತದೆ, ನೀರಿದ್ದರೆ ಅತಿಗೆಂಪು ಲೇಸರ್ ಅಲ್ಲೇ ಹೀರಿಹೋಗುತ್ತದೆ. ನೀರಿನಾಳ ನೋಡುವ ಹಸಿರು ಲೇಸರ್‌ಗೆ ತಿಳಿ ನೀರು ಬೇಕು, ನಮ್ಮ ಕೆರೆಗಳ ಕದಡಿದ ನೀರಿನಲ್ಲಿ ಅದು ದಂಡ. ಜೊಂಡಿನೊಳಗೆ 25 ಮೀಟರಿಗೊಂದು ಸಾಲು ಹಿಡಿದು ರೋವರ್ ಹೊತ್ತು ನಡೆಯುವುದಕ್ಕೆ ಪರ್ಯಾಯ ಇಲ್ಲ. ಅಂಕಸಮುದ್ರದಂಥ ಕಡೆ ನೀರೊಳಗೆ ನಿಂತ ಜಾಲಿ ಮರಗಳ ಕೆಳಗೂ ಅಷ್ಟೇ.

ನೀರಿರುವ ಜಾಗದ ತಳವನ್ನು ಅಳೆಯಲು ಸಣ್ಣ ದೋಣಿಯ ಮೇಲೆ 200 ಕಿಲೋಹರ್ಟ್ಜ್ ಎಕೋ ಸೌಂಡರ್ ಕಟ್ಟುತ್ತಾರೆ. ಅದು ಮೆತ್ತನೆಯ ಹೂಳಿನ ಮೇಲ್ಮೈಯನ್ನು ತೋರಿಸುತ್ತದೆ, ಗಟ್ಟಿ ತಳವನ್ನಲ್ಲ. ಹೂಳಿನ ದಪ್ಪ ಬೇಕಾದರೆ ಕೆಲವು ಕಡೆ ಗಳ ಇಳಿಸಿ ನೋಡಲೇಬೇಕು. ಅದಕ್ಕಿಂತ ಒಳ್ಳೆಯದು, ಬೇಸಿಗೆಯಲ್ಲಿ ಒಣಗುವ ಕೆರೆಗಳನ್ನು ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ತುಂಬಿದಾಗ ಇನ್ನೊಮ್ಮೆ ಹಾರಿಸುವುದು. ಒಣಗಿದಾಗಿನ ಹಾರಾಟ ಅಂಗಳದ ಎತ್ತರ ಕೊಡುತ್ತದೆ, ತುಂಬಿದಾಗಿನದು ನೀರಿನಂಚಿನಲ್ಲಿ ಅದನ್ನು ತಾಳೆ ನೋಡಲು ಬರುತ್ತದೆ. ಒಂದೇ ಹಾರಾಟಕ್ಕೆ ಹಣವಿದ್ದರೆ ಬೇಸಿಗೆಯದನ್ನು ಆರಿಸಿ. ಬೆಂಗಳೂರಿನ ಕೊಳಚೆ ನೀರಿನ ಕೆರೆಗಳು ಎಂದೂ ಒಣಗುವುದಿಲ್ಲ, ಅಲ್ಲಿ ದೋಣಿಯೇ ಗತಿ. ಹೂಳೆತ್ತುವ ಬಿಲ್‌ಗಳಿಗೆ ಡ್ರೋನ್ ಲೆಕ್ಕ ಬಳಸುವವರು ಒಂದು ಸಂಖ್ಯೆ ನೆನಪಿಟ್ಟುಕೊಳ್ಳಬೇಕು. 100 ಹೆಕ್ಟೇರ್ ಅಂಗಳದಲ್ಲಿ 10 ಸೆಂಟಿಮೀಟರ್ ದೋಷ ಎಂದರೆ 1 ಲಕ್ಷ ಘನ ಮೀಟರ್ ಮಣ್ಣು, 6 ಘನ ಮೀಟರಿನ ಟಿಪ್ಪರ್‌ನಲ್ಲಿ 16,000ಕ್ಕೂ ಹೆಚ್ಚು ಲೋಡ್. ಎತ್ತದ ಹೂಳಿಗೆ ಹಣ ಹೋಗಲು ಯಾರೂ ಕಳ್ಳಲೆಕ್ಕ ಬರೆಯಬೇಕಿಲ್ಲ, ಸರ್ವೆ ಅಷ್ಟು ತಪ್ಪಿದ್ದರೆ ಸಾಕು.

ಹಕ್ಕಿಗಳ ಮಾತು. ರಂಗನತಿಟ್ಟಿನಂಥ ಅಭಯಾರಣ್ಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಇಲ್ಲದೆ ಡ್ರೋನ್ ಏಳಿಸುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಅನುಮತಿ ಇದ್ದರೂ ಹೇಗೆ ಹಾರಿಸುವುದು ಎಂಬುದು ಅನುಮತಿ ಪತ್ರದಲ್ಲಿ ಇರುವುದಿಲ್ಲ. ಬಣ್ಣದ ಕೊಕ್ಕರೆ, ಬಾಯ್ಕಳಕಗಳು ಗೂಡಿನಲ್ಲಿರುವಾಗ ಒಮ್ಮೆ ಗಾಬರಿಯಾಗಿ ಎದ್ದರೆ ಮೊಟ್ಟೆ, ಮರಿಗಳು ಬಿಸಿಲಿಗೆ ಬೀಳುತ್ತವೆ. ಕಾಗೆಗಳು ಇದಕ್ಕೇ ಕಾದಿರುತ್ತವೆ. ಗೂಡುಗಳ ಕಾಲದಲ್ಲಿ ಗಡಿ ಸರ್ವೆ ಬೇಡವೇ ಬೇಡ. ಉಳಿದ ಕಾಲದಲ್ಲಿ ಹಕ್ಕಿಗಳ ಗುಂಪಿನಿಂದ ಕನಿಷ್ಠ 150 ಮೀಟರ್ ದೂರದಲ್ಲಿ ಮೇಲೇಳಿಸಿ, ಮೊದಲು ಪೂರ್ತಿ ಎತ್ತರಕ್ಕೆ ಹೋಗಿ ಆಮೇಲೆ ಅಡ್ಡಕ್ಕೆ ಸಾಗಬೇಕು. ಹಕ್ಕಿಯ ಕಣ್ಣಿಗೆ ನೇರ ಮೇಲಿನಿಂದ ಇಳಿದು ಬರುವುದು ಬೇಟೆಗಾರ ಹಕ್ಕಿಯೇ, ಹಾಗಾಗಿ ಅವುಗಳ ಮೇಲೆ ಕೆಳಗಿಳಿಸಲೇಬಾರದು. ಒಬ್ಬರು ಬೈನಾಕ್ಯುಲರ್ ಹಿಡಿದು ಹಕ್ಕಿಗಳನ್ನಷ್ಟೇ ನೋಡುತ್ತಿರಬೇಕು. ಮೇಯುವುದು ಬಿಟ್ಟು ತಲೆ ಎತ್ತಿ ನಿಲ್ಲುವುದೇ ಮೊದಲ ಸೂಚನೆ, ಗುಂಪು ಎದ್ದಮೇಲೆ ನಿಲ್ಲಿಸಿ ಪ್ರಯೋಜನವಿಲ್ಲ. ಹದ್ದು, ಗರುಡಗಳು ಡ್ರೋನ್ ಮೇಲೆಯೇ ಎರಗುವುದುಂಟು. ಆಗ ಮೇಲಕ್ಕೇರಿಸಿ ದೂರ ಸರಿಯಬೇಕು, ಕೆಳಗಿಳಿಸಿ ತಪ್ಪಿಸಿಕೊಳ್ಳಲು ಹೋದರೆ ನೀರಿಗೆ ಬೀಳುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಎಣಿಸಲು ಡ್ರೋನ್ ಬೇಕಾಗಿಯೇ ಇಲ್ಲ. ಏರಿಯ ಮೇಲೆ ನಿಂತು ಟೆಲಿಸ್ಕೋಪಿನಲ್ಲಿ ಎಣಿಸುವುದು ಹೆಚ್ಚು ನಿಖರ, ಹಕ್ಕಿಗೂ ಕಿರಿಕಿರಿ ಇಲ್ಲ.

ಅಘನಾಶಿನಿ ಅಳಿವೆಯ ಲೆಕ್ಕ ಬೇರೆಯೇ. 2024ರಲ್ಲಿ ಮಾಗಡಿ, ಅಂಕಸಮುದ್ರಗಳ ಜೊತೆ ರಾಮ್‌ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಇದರ ವಿಸ್ತೀರ್ಣ 4,801 ಹೆಕ್ಟೇರ್. ಮೇಲಿನ ಲೆಕ್ಕದಂತೆ ಇಡೀ ಅಳಿವೆಗೆ 1,150 ಕಿಲೋಮೀಟರ್ ಹಾರಬೇಕು, ಅಂದರೆ 40 ಗಂಟೆ. ಅಲ್ಲಿ ನೀರಿನಂಚು ಗಂಟೆಗೊಂದು ಕಡೆ ಇರುತ್ತದೆ. ಬಳಚು (ಚಿಪ್ಪುಮೀನು) ಆಯುವ ಮರಳುದಿಬ್ಬಗಳು ಕಾಣುವುದು ಇಳಿತದ ತುದಿಯಲ್ಲಿ, ಅದರ ಹಿಂದೆ ಮುಂದೆ ಅರ್ಧ ಅರ್ಧ ಗಂಟೆ. ಅದರಲ್ಲೂ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಇಳಿತ ಹಗಲಲ್ಲಿ, ಸೂರ್ಯ ತಗ್ಗಿನಲ್ಲಿರುವಾಗ ಬರಬೇಕು. ಬಂದರಿನ ಉಬ್ಬರ-ಇಳಿತದ ಪಟ್ಟಿಯಲ್ಲಿರುವ ವೇಳೆ ನದಿಯೊಳಗೆ ಹೋದಂತೆ ತಡವಾಗುತ್ತದೆ, ಗಜನಿ ಗದ್ದೆಗಳ (ಕಟ್ಟೆ ಹಾಕಿದ ಉಪ್ಪುನೀರಿನ ತಗ್ಗು ಗದ್ದೆಗಳು) ಬಾಗಿಲು ಹಾಕಿದ್ದರೆ ಒಳಗಿನ ನೀರಿಗೂ ಹೊರಗಿನದಕ್ಕೂ ಸಂಬಂಧವೇ ಇರುವುದಿಲ್ಲ. ಇಡೀ ಅಳಿವೆಯನ್ನು ಡ್ರೋನ್‌ನಲ್ಲಿ ಅಳೆಯುತ್ತೇವೆಂಬ ಪ್ರಸ್ತಾವ ಬಂದರೆ ತಿರಸ್ಕರಿಸಿ. ಅಳಿವೆಗೆ ಉಪಗ್ರಹ ಚಿತ್ರ ಸಾಕು. ಕಾಂಡ್ಲ (ಮ್ಯಾಂಗ್ರೋವ್) ನೆಟ್ಟ ಜಾಗ, ಬಳಚಿನ ದಿಬ್ಬ, ಒಡೆದ ಗಜನಿ ಕಟ್ಟೆ, ಇಂಥ ಐದಾರು ತುಣುಕುಗಳನ್ನು ಆರಿಸಿ ಪ್ರತಿ ವರ್ಷ ಅದೇ ತಿಂಗಳು, ಅದೇ ಇಳಿತ, ಅದೇ ಎತ್ತರದಲ್ಲಿ ಹಾರಿಸಿದರೆ ಬದಲಾವಣೆ ತಿಳಿಯುತ್ತದೆ.

ಬೆಂಗಳೂರಿನಲ್ಲಿ ಮೊದಲು ನೋಡಬೇಕಾದದ್ದು ಆಕಾಶದ ನಕ್ಷೆ. ಬೆಳ್ಳಂದೂರಿಗೆ ಎಚ್‌ಎಎಲ್ ವಿಮಾನ ನಿಲ್ದಾಣ, ಜಕ್ಕೂರು ಕೆರೆಗೆ ಅಲ್ಲಿಯದೇ ವಿಮಾನ ತರಬೇತಿ ಮೈದಾನ, ಯಲಹಂಕಕ್ಕೆ ವಾಯುನೆಲೆ ಹತ್ತಿರ. 2021ರ ಡ್ರೋನ್ ನಿಯಮಗಳಲ್ಲಿ ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಕಿಲ್ಲ. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ ಅದು 200 ಅಡಿ. ಅದಕ್ಕೂ ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಟೆಂಡರಿನ ಅವಧಿಯಲ್ಲಿ ಆ ಅನುಮತಿಯ ದಿನಗಳನ್ನೂ ಸೇರಿಸಿ, ಇಲ್ಲವಾದರೆ ಆತುರದಲ್ಲಿ 200 ಅಡಿಯಿಂದ ತೆಗೆಯಬೇಕಾದ ಜಾಗವನ್ನು ಹಳೆಯ ಉಪಗ್ರಹ ಚಿತ್ರದಿಂದ ತುಂಬಿಸಿ ಕೊಡುತ್ತಾರೆ.

ನೀರಿನ ಗುಣಮಟ್ಟವನ್ನು ಡ್ರೋನ್ ಹೇಳುತ್ತದೆ ಎಂಬುದನ್ನು ನಂಬಬೇಡಿ. ಅಂತರಗಂಗೆ ಎಷ್ಟು ಎಕರೆ ಹಬ್ಬಿದೆ ಎಂದು ಅದು ಚೆನ್ನಾಗಿ ಹೇಳುತ್ತದೆ. ಕರಗಿದ ಆಮ್ಲಜನಕ, ಅಮೋನಿಯಾಗಳನ್ನು ಯಾವ ಕ್ಯಾಮೆರಾವೂ ಕಾಣದು. ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾ (ಬೆಳಕಿನ ಬೇರೆ ಬೇರೆ ಬಣ್ಣಗಳನ್ನು ಪ್ರತ್ಯೇಕವಾಗಿ ದಾಖಲಿಸುವಂಥದು) ಬಳಸಿದರೆ ಪ್ರತಿ ಹಾರಾಟದ ಮೊದಲು ಮತ್ತು ಕೊನೆಗೆ ಮಾಪಕ ಫಲಕದ ಫೋಟೊ ಇರಬೇಕು. ಅದಿಲ್ಲದಿದ್ದರೆ ಈ ತಿಂಗಳ ಹಸಿರನ್ನು ಹೋದ ತಿಂಗಳ ಹಸಿರಿನ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಕಂದಾಯ ನಕ್ಷೆಯ ವಿಚಾರದಲ್ಲಿ ತಹಶೀಲ್ದಾರರಿಗೆ ಒಂದು ಮನವಿ. ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ ನಾಲ್ಕು ಮೂಲೆ ಹಿಡಿದು ಡ್ರೋನ್ ಚಿತ್ರದ ಮೇಲೆ ಎಳೆದು ಕೂರಿಸಿ, ಹೊರಗೆ ಉಳಿದದ್ದನ್ನೆಲ್ಲ ಒತ್ತುವರಿ ಎಂದು ಕೆಂಪು ಬಣ್ಣ ಬಳಿಯುವ ಪದ್ಧತಿ ನಿಲ್ಲಲಿ. ಆ ನಕ್ಷೆಗಳು ಸರಪಳಿ ಹಿಡಿದು ಅಳೆದವು. ಎಳೆದು ಕೂರಿಸಿದಾಗ ಒಂದು ಕಡೆ ಸರಿಯಾದದ್ದು ಇನ್ನೊಂದು ಕಡೆ ಹತ್ತಾರು ಮೀಟರ್ ತಪ್ಪಬಹುದು. ಗಡಿಕಲ್ಲು ಹುಡುಕಿ, ಮೂರು ಗ್ರಾಮ ಕೂಡುವ ಕಲ್ಲುಗಳಿಂದ ಶುರು ಮಾಡಿ ಟಿಪ್ಪಣಿಯ, ಅಂದರೆ ಮೂಲ ಸರ್ವೆಯಲ್ಲಿ ಬರೆದಿಟ್ಟ ಅಳತೆಯಂತೆ ರೋವರ್‌ನಲ್ಲಿ ಗುರುತಿಸಬೇಕು. ಕೆರೆಯ ಸರ್ವೆ ನಂಬರಿನ ಗಡಿಯೂ ನೀರಿನ ಮಟ್ಟದ ಗಡಿಯೂ ಒಂದೇ ಆಗಿರಬೇಕಿಲ್ಲ. ನಕ್ಷೆಯಲ್ಲಿ ಎರಡನ್ನೂ ಬೇರೆ ಬೇರೆ ಗೆರೆಯಲ್ಲಿ ತೋರಿಸಿ, ಯಾವುದು ಯಾವ ಕಾಯ್ದೆಗೆ ಎಂದು ಬರೆಸಿ.

ಗುತ್ತಿಗೆದಾರರಿಂದ ಆರ್ಥೊ ಚಿತ್ರದ (ಫೋಟೊಗಳನ್ನು ಜೋಡಿಸಿ ಅಳತೆಗೆ ಹೊಂದಿಸಿದ ಚಿತ್ರ) ಪಿಡಿಎಫ್ ಮಾತ್ರ ತೆಗೆದುಕೊಂಡು ಬಿಲ್ ಪಾಸು ಮಾಡಬೇಡಿ. ಎಲ್ಲ ಮೂಲ ಫೋಟೊಗಳು, ಡ್ರೋನ್ ಮತ್ತು ಬೇಸ್ ಸ್ಟೇಷನ್‌ನ ಉಪಗ್ರಹ ದಾಖಲೆಗಳು, ನೆಲಗುರುತುಗಳ ಪಟ್ಟಿ, ಸಾಫ್ಟ್‌ವೇರ್ ವರದಿ, ಬಿಂದು ಮೋಡ (ಎತ್ತರ ಲೆಕ್ಕ ಹಾಕಿದ ಅಸಂಖ್ಯ ಬಿಂದುಗಳ ಕಡತ), ನೆಲದ ಮಾದರಿ, ಗಡಿಗೆರೆಯ ಕಡತ ಇವೆಲ್ಲ ಪ್ರಾಧಿಕಾರದ ಸ್ವತ್ತಾಗಿ ಬರಬೇಕು. ಐದು ವರ್ಷದ ನಂತರ ಯಾರಾದರೂ ತಕರಾರು ತೆಗೆದರೆ ಲೆಕ್ಕವನ್ನು ಮತ್ತೆ ಮಾಡಿ ತೋರಿಸಲು ಇವು ಬೇಕೇ ಬೇಕು. ನಿರ್ದೇಶಾಂಕ ವಲಯವನ್ನು ಪ್ರತಿ ಕೆರೆಗೂ ಬರೆಸಿ. ರಾಜ್ಯದ ಬಹುಭಾಗ ಯುಟಿಎಂ (ಭೂಮಿಯನ್ನು ರೇಖಾಂಶದ ಪಟ್ಟಿಗಳಾಗಿ ಹಂಚುವ ನಕ್ಷೆಯ ಪದ್ಧತಿ) 43ನೇ ವಲಯದಲ್ಲಿದ್ದರೂ 78 ಡಿಗ್ರಿ ರೇಖಾಂಶ ಕೋಲಾರ ಜಿಲ್ಲೆಯನ್ನು ಸೀಳುತ್ತದೆ. ಮಾಲೂರು 43ರಲ್ಲಿ, ಕೋಲಾರ ಪಟ್ಟಣ 44ರಲ್ಲಿ. ವಲಯ ಬರೆಯದೆ ಕೊಟ್ಟ ಕಡತ ತೆರೆದಾಗ ಕೋಲಾರದ ಕೆರೆ ನೂರಾರು ಕಿಲೋಮೀಟರ್ ಆಚೆ ಕಾಣಿಸಿಕೊಳ್ಳುತ್ತದೆ.

ಕೊನೆಯದಾಗಿ ಹಣ ಪಾವತಿಯ ಷರತ್ತು. ಪರೀಕ್ಷೆಯ ಗುರುತುಗಳಲ್ಲಿ ದೋಷ ಅಡ್ಡಕ್ಕೆ 5, ಎತ್ತರದಲ್ಲಿ 8 ಸೆಂಟಿಮೀಟರ್ ಮೀರಬಾರದು. ನೀರಿನಂಚಿನ ಪರೀಕ್ಷೆಯಲ್ಲಿ ಪಾಸಾಗಬೇಕು. ಪರೀಕ್ಷೆಯ ಗುರುತುಗಳನ್ನು ಗುತ್ತಿಗೆದಾರರು ಅಳೆಯುವುದು ಬೇಡ, ಸರ್ವೆ ಇಲಾಖೆಯವರೇ ಅಳೆದು ಮಾದರಿ ಸಲ್ಲಿಕೆಯಾಗುವವರೆಗೆ ತಮ್ಮ ಬಳಿಯೇ ಮುಚ್ಚಿದ ಲಕೋಟೆಯಲ್ಲಿ ಇಟ್ಟುಕೊಳ್ಳಲಿ. ಒಟ್ಟು ಮೊತ್ತದಲ್ಲಿ ಅರ್ಧವನ್ನು ಆ ಲಕೋಟೆ ತೆರೆದ ಮೇಲಷ್ಟೇ ಬಿಡುಗಡೆ ಮಾಡಿ. ಕರಡು ಗಡಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಕೋಡಿ ಮಟ್ಟದ ಲೆಕ್ಕದೊಂದಿಗೆ ಅಂಟಿಸಿ, ಆಕ್ಷೇಪಣೆಗೆ 30 ದಿನ ಕೊಡಿ. ಮುಂದಿನ ಹಂತದ ಟೆಂಡರ್ ಹೊರಡುವ ಮೊದಲು ಈ ಷರತ್ತುಗಳನ್ನು ತಾಂತ್ರಿಕ ಸಮಿತಿಯ ಮುಂದೆ ಇಡಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಭೂಮಾಪನ, ಕೆರೆ ಮತ್ತು ಪಕ್ಷಿ ಗಣತಿ ಕೆಲಸದಲ್ಲಿ ತೊಡಗಿರುವ ಕೆಲವರು